ತಂಗಿ ಹಾರಿದ ಡಕೋಟಾ

ಈಗ ಲಡಾಸು ಬಸ್ಸು ಕಂಡರೆ ಜನ ‘ಡಕೋಟಾ’ ಎಂದು ನಗುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ನನಗೆ ನಗು ಬರುವುದಿಲ್ಲ, ಹೊಟ್ಟೆಯೊಳಗೆ ಸಣ್ಣಗೆ ಉರಿ ಏಳುತ್ತದೆ. ನಮ್ಮ ಕಾಲದಲ್ಲಿ ಡಕೋಟಾ ಎಂದರೆ ಸೈನ್ಯದ ಸಾಮಾನು, ಸಿಪಾಯಿಗಳನ್ನು ಹೊರುವ ವಿಮಾನ. ಅದರಲ್ಲಿ ನನ್ನ ತಂಗಿ ಹಾರಿದ್ದಳು. ನಾನು ಹಾರಿರಲಿಲ್ಲ.

ನಾವಿಬ್ಬರೂ ನಜರ್‌ಬಾದಿನಲ್ಲಿ ಹುಟ್ಟಿ ಬೆಳೆದು ಒಂಟಿಕೊಪ್ಪಲಿನ ಒಂದೇ ಮನೆಗೆ ಸೊಸೆಯರಾಗಿ ಹೋದೆವು. ಸ್ವಾತಂತ್ರ್ಯ ಬಂದ ವರ್ಷ ನನ್ನ ಮದುವೆ. ಗಂಡ ಆ ಮನೆಯ ಹಿರಿಯ ಮಗ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಮೂರು ವರ್ಷ ಕಳೆದ ಮೇಲೆ ನನ್ನ ಮೈದುನನಿಗೆ ತಂಗಿಯನ್ನು ಕೇಳಿದರು. ಅವನು ವಾಯುಪಡೆಯಲ್ಲಿದ್ದ, ಡಕೋಟಾದೊಳಗೆ ಕೂತು ವೈರ್‌ಲೆಸ್ ನೋಡಿಕೊಳ್ಳುವ ಕೆಲಸ. ಅಪ್ಪ ಹೆದರಿದರು. “ನೆಲದ ಮೇಲೆ ಕಾಲಿಡದ ಗಂಡಿಗೆ ಎಂಗಮ್ಮ ಹೆಣ್ಣು ಕೊಡೋದು?” ಅಂದರು. “ನಾನಿದ್ದೀನಲ್ಲಪ್ಪ ಆ ಮನೇಲಿ, ನೋಡ್ಕೋತೀನಿ” ಎಂದು ಅವರನ್ನು ಒಪ್ಪಿಸಿದವಳು ನಾನೇ.

ಮದುವೆಯಾದ ಮೇಲೆ ತಂಗಿ ಉತ್ತರದ ಕಡೆ ಕ್ವಾರ್ಟರ್ಸಿನಲ್ಲಿದ್ದಳು. ಒಮ್ಮೆ ಬೆಂಗಳೂರಿಗೆ ಬರುವ ಡಕೋಟಾ ಒಂದರಲ್ಲಿ ಜಾಗವಿತ್ತಂತೆ. ಮೇಲಿನ ಸಾಹೇಬರೊಬ್ಬರು ಕೃಪೆ ಮಾಡಿ ಇವಳನ್ನೂ ಹತ್ತಿಸಿದ್ದರು. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಜಟಕಾ ಇಳಿದಾಗ, ವಿಮಾನದ ಸದ್ದಿಗೆಂದು ಇಟ್ಟುಕೊಂಡ ಹತ್ತಿ ಅವಳ ಕಿವಿಯಲ್ಲಿ ಇನ್ನೂ ಇತ್ತು. ರೈಲಿನ ಪ್ರಯಾಣಕ್ಕೆ ಹತ್ತಿ ಯಾಕೆ ಬೇಕು? ಎಲ್ಲರೂ ಕೇಳಲಿ ಅಂತಲೇ ತೆಗೆದಿರಲಿಲ್ಲ ಎಂದು ನನಗೆ ಆ ಕ್ಷಣವೇ ಅನ್ನಿಸಿತು.

ನಮ್ಮ ಅತ್ತೆ ಬೀದಿಯ ಬಾಗಿಲಲ್ಲೇ ನಿಂತರು. “ನಮ್ ಚಿಕ್ ಸೊಸೆ ಇಮಾನದಲ್ಲೇ ಬಂದ್ಬುಟ್ಲು ಕಣ್ರೀ!” ಹೋಗುವವರಿಗೂ ಬರುವವರಿಗೂ ಅದೇ ಮಾತು. ಮಧ್ಯಾಹ್ನದ ಹೊತ್ತಿಗೆ ಹಜಾರದ ತುಂಬ ಹೆಂಗಸರು. ನಾನು ಅಡಿಗೆಮನೆಯಲ್ಲಿ ಅವರಿಗೆಲ್ಲ ಉಪ್ಪಿಟ್ಟು ಕೆದಕುತ್ತಿದ್ದೆ, ಕಿವಿ ಮಾತ್ರ ಹಜಾರದಲ್ಲಿ ತಂಗಿಯ ಮಾತಿನ ಮೇಲಿತ್ತು.

“ಒಳಗಡೆ ಕುರ್ಚಿ ಗಿರ್ಚಿ ಇರಲ್ಲ ಕಣ್ರೀ. ಎರಡೂ ಪಕ್ಕ ಗೋಡೆಗುಂಟ ತಗಡಿನ ಬೆಂಚು. ನಡುವೆ ಹಗ್ಗ ಬಿಗಿದ ಮೂಟೆಗಳು. ನಿಂತಿದ್ದಾಗ ಅದರ ಬಾಲ ಕೆಳಗೆ, ಮೂತಿ ಮೇಲೆ. ಒಳಗೆ ನಡೆಯೋದಂದ್ರೆ ಬೆಟ್ಟ ಹತ್ತಿದ ಹಾಗೇ.”

ಉಪ್ಪಿಟ್ಟು ತಳ ಹಿಡಿಯಿತು. ಅತ್ತೆ ಒಳಗೆ ಬಂದು ಮೂಗು ಮುರಿದರು.

ಮಾರನೆಯ ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ತಂಗಿ ಮೆಲ್ಲಗೆ, “ಅಕ್ಕ, ಯಾರಿಗೂ ಹೇಳ್ಬೇಡ. ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡೆ ಕಣೇ. ಮೋಡ ಗೀಡ ಏನೂ ನೋಡ್ಲಿಲ್ಲ,” ಅಂದಳು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಷ್ಟು ಮೇಲೆ ಹೋಗಿ ವಾಂತಿ ಮಾಡುವ ಭಾಗ್ಯವಾದರೂ ನನಗೆಲ್ಲಿ ಬಂತು? ಸಂಜೆಯೊಳಗೆ ಆ ಸುದ್ದಿಯನ್ನು ಪಕ್ಕದ ಮನೆಯಾಕೆಗೆ ದಾಟಿಸಿದೆ. ತಂಗಿಯ ಬೆಲೆ ಸ್ವಲ್ಪವಾದರೂ ಇಳಿಯಲಿ ಎಂಬುದು ನನ್ನ ಆಸೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ ಪಾಪ! ಇನ್ನೆಷ್ಟು ಎತ್ತರಕ್ಕೆ ಹೋಗಿರ್ಬೇಕು ಆ ಮಗು!” ಎಂದು ನಿಂಬೆಹಣ್ಣು ಹಿಡಿದುಕೊಂಡು ತಂಗಿಯನ್ನು ನೋಡಲು ಓಡಿದಳು.

ನನಗೂ ಹಾರುವ ಆಸೆ ಎಂದು ಗಂಡನ ಹತ್ತಿರ ಒಮ್ಮೆ ಬಾಯಿ ಬಿಟ್ಟೆ. “ಮಂಡಕಳ್ಳಿ ಮೈದಾನದಲ್ಲಿ ಆಗಾಗ ವಿಮಾನ ಇಳಿಯುತ್ತಲ್ಲ, ಒಂದು ಭಾನುವಾರ ಹೋಗಿ ನೋಡ್ಕೊಂಡು ಬರೋಣ ಬಿಡು,” ಅಂದರು. ನೋಡುವುದು! ನೋಡುವುದಕ್ಕೆ ಯಾರು ಅತ್ತಿದ್ದರು?

ಚೀನಾ ಯುದ್ಧದ ವರ್ಷ ಮೈದುನ ಈಶಾನ್ಯದ ಗುಡ್ಡಗಳ ಕಡೆ ಹೋದ. ಅಲ್ಲಿನ ಸಿಪಾಯಿಗಳಿಗೆ ವಿಮಾನದ ಬಾಗಿಲಿನಿಂದ ಅಕ್ಕಿ ಮೂಟೆ ಎಸೆಯುವ ಕೆಲಸವಂತೆ. ತಂಗಿ ನಮ್ಮ ಮನೆಗೆ ಬಂದು ಕೆಲವು ತಿಂಗಳು ಇದ್ದಳು. ಬೀದಿಯವರೆಲ್ಲ ಅವಳನ್ನು ವಿಚಾರಿಸಿಕೊಂಡು ಹೋಗುವವರೇ. ಅವಳು ರೇಡಿಯೋ ಮುಂದೆ ಕೂತರೆ ಕೂತಳು. ತಟ್ಟೆಯ ಅನ್ನ ಹಾಗೇ ಆರುತ್ತಿತ್ತು. ಅತ್ತೆ ಕಲಸಿ ತುತ್ತು ಮಾಡಿ ಕೈಗೆ ಹಾಕುತ್ತಿದ್ದರು. ನನಗೆ ಮೂರು ಹೆರಿಗೆಯಾದಾಗಲೂ ಅತ್ತೆ ನನಗೆ ಕೈತುತ್ತು ಹಾಕಿರಲಿಲ್ಲ. ಇದೆಲ್ಲ ಬಿನ್ನಾಣ ಎಂದು ನಾನು ನಂಬಿದ್ದೆ.

ಮೈದುನ ಸುಖವಾಗಿ ಹಿಂತಿರುಗಿದ. ಮುಂದೆ ನಿವೃತ್ತನಾಗಿ ನಜರ್‌ಬಾದಿನಲ್ಲೇ ಬಾಡಿಗೆ ಮನೆ ಹಿಡಿದ. ಆ ಸುಮಾರಿಗೇ ಊರ ಹೊರಗೆ ಯಾರೋ ಹಳೆಯ ಯಂತ್ರಗಳನ್ನೆಲ್ಲ ಕೂಡಿಸಿ ಒಂದು ಸಣ್ಣ ಮ್ಯೂಸಿಯಂ ಮಾಡಿದರು. ಅಲ್ಲಿಗೆ ಸೇವೆ ಮುಗಿಸಿದ ಒಂದು ಡಕೋಟಾ ಬಂತು. ರೆಕ್ಕೆ ಬೇರೆ, ಮೈ ಬೇರೆ ಮಾಡಿ ಲಾರಿಗಳ ಮೇಲೆ ತಂದು ಅಲ್ಲಿ ಜೋಡಿಸಿ ನಿಲ್ಲಿಸಿದ್ದರು. ಒಂದು ಭಾನುವಾರ ನಾವು ನಾಲ್ವರೂ ಹೊರಟೆವು.

ಮೈದುನ ಯಾರನ್ನೂ ಕಾಯದೆ ಏಣಿ ಹತ್ತಿ ಒಳಗೆ ಹೋಗಿಬಿಟ್ಟ. ಹಿಂದೆಯೇ ನಾನು. ತಂಗಿ ಹೇಳಿದ್ದೆಲ್ಲ ನಿಜ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚು ಹಿಡಿದುಕೊಂಡು ಏರುನೆಲದ ಮೇಲೆ ನಡೆದೆ. ಮುಂದುಗಡೆ, ಪೈಲಟ್ಟಿನ ಹಿಂದಿನ ಇಕ್ಕಟ್ಟಿನಲ್ಲಿ ಮೈದುನ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. “ಅತ್ತಿಗೆ, ಇಲ್ಲೇ,” ಎಂದಷ್ಟೇ ಹೇಳಿದ. ನಾನು ತಗಡಿನ ಬೆಂಚಿನ ಮೇಲೆ ಕೂತೆ. ಕಾದ ತಗಡು ಸೀರೆಯ ಮೇಲಿಂದಲೇ ಚುರುಕ್ಕೆಂದಿತು. ಕಿಟಕಿಯಲ್ಲಿ ಆಕಾಶವಿರಲಿಲ್ಲ, ಬೇಲಿ ಇತ್ತು.

ಇಳಿದು ಬಂದರೆ ತಂಗಿ ರೆಕ್ಕೆಯ ನೆರಳಲ್ಲಿ ಕಲ್ಲಿನ ಮೇಲೆ ಕೂತಿದ್ದಳು.

“ಬಾರೇ, ನೀನು ಕೂತಿದ್ದ ಜಾಗ ತೋರ್ಸು.”

“ನಾನು ಹತ್ತಲ್ಲ ಅಕ್ಕ.”

“ಯಾಕೆ, ವಾಂತಿ ಬರುತ್ತಾ? ಇದು ಹಾರಲ್ಲ ಕಣೇ.”

ಅವಳು ನಗಲಿಲ್ಲ. “ಇದನ್ನ ಕಂಡ್ರೇ ನನಗಾಗಲ್ಲ. ಅಷ್ಟು ವರ್ಷ ಇವರು ಹೊರಟಾಗಲೆಲ್ಲ ಇವತ್ತು ಬರ್ತಾರೋ ಇಲ್ವೋ ಅಂತ ಬಾಗಿಲಲ್ಲಿ ಕೂತಿದ್ದೀನಿ. ನಿಮ್ಮನೇಲಿದ್ದಾಗ ಭಾವ ಸಂಜೆ ಐದಕ್ಕೆ ಕೊಡೆ ಮಡಿಸ್ಕೊಂಡು ಒಳಗೆ ಬರ್ತಿದ್ರು, ನೀನು ಕಾಫಿಗೆ ನೀರಿಡ್ತಿದ್ದೆ. ಅದನ್ನ ನೋಡಿ ನೋಡಿ ನನ್ನ ಹೊಟ್ಟೆ ಉರೀತಿತ್ತು ಅಕ್ಕ. ನಿನ್ನ ಮುಖ ನೋಡೋಕೂ ಆಗ್ತಿರ್ಲಿಲ್ಲ.”

ನನಗೆ ಮೊದಲು ಬಂದದ್ದು ಮರುಕವಲ್ಲ, ಹಿಗ್ಗು. ನನ್ನನ್ನು ಕಂಡೂ ಒಬ್ಬರು ಹೊಟ್ಟೆಕಿಚ್ಚುಪಟ್ಟಿದ್ದಾರೆ! ಆಮೇಲೆ ಆರಿಹೋಗುತ್ತಿದ್ದ ಆ ತಟ್ಟೆಯ ಅನ್ನ ನೆನಪಾಗಿ ಅವಳ ಪಕ್ಕ ಕೂತೆ. ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಶಾಲೆಯ ಮಕ್ಕಳ ಒಂದು ಗುಂಪನ್ನು ಅವರ ಟೀಚರು ಕರೆದುಕೊಂಡು ಬಂದರು. ನಮ್ಮನ್ನು ನೋಡಿ, “ಇದ್ರಲ್ಲಿ ಯಾರಾದ್ರೂ ಹಾರಿದೀರೇನಮ್ಮ?” ಎಂದು ಕೇಳಿದರು.

ತಂಗಿ ನನ್ನ ಕಡೆ ಕೈ ತೋರಿಸಿಬಿಟ್ಟಳು. “ನಮ್ಮಕ್ಕ ಹಾರಿದ್ದಾಳೆ. ಕೇಳಿ, ಹೇಳ್ತಾಳೆ.”

ಇಲ್ಲ ಎನ್ನಲು ಬಾಯಿ ತೆರೆದೆ. ಮಕ್ಕಳೆಲ್ಲ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ. ಹೇಳತೊಡಗಿದೆ. ಚಳಿ, ಕಂಬಳಿಗೆ ಅಂಟಿದ ಎಣ್ಣೆಯ ವಾಸನೆ, ಎದುರು ಕೂತವರ ಮಾತು ಕೇಳಿಸದಷ್ಟು ಸದ್ದು. ಅವಳು ಹಜಾರದಲ್ಲಿ ಹೇಳಿದ್ದ ಒಂದೊಂದು ಮಾತೂ ನನಗೆ ಬಾಯಿಪಾಠವಾಗಿತ್ತು. ಮೋಡವನ್ನು ಮಾತ್ರ ನಾನೇ ಸೇರಿಸಿದೆ. ಕಾಸಿದ ಹಾಲು ಉಕ್ಕಿಬಂದ ಹಾಗೆ ಅಂದೆ. ತಂಗಿ ಗಲ್ಲಕ್ಕೆ ಕೈಯಿಟ್ಟು, ಯಾರದೋ ಕಥೆ ಕೇಳುವವಳಂತೆ ಕೇಳಿದಳು. ನನ್ನ ಗಂಡ ದೂರದಲ್ಲಿ ನಿಂತು ಏನೋ ಹೇಳಲು ಹೋಗಿ ರೆಕ್ಕೆಯ ಕಡೆ ತಿರುಗಿಕೊಂಡರು.

ಮಕ್ಕಳು ಹೋದ ಮೇಲೆ ನನ್ನ ಮನಸ್ಸು ಮತ್ತೆ ಕಹಿಯಾಯಿತು. ಇಷ್ಟು ವರ್ಷ ನಾನು ಹಂಬಲಿಸಿದ್ದನ್ನು ಅವಳು ಕುಂಕುಮ ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದಳು. ಹಾಗೆ ಕೊಡಬೇಕಾದರೆ ಮೊದಲು ಅದು ಕೈಯಲ್ಲಿರಬೇಕು. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೂ ಅವಳಿಗೇ. ಸ್ವಲ್ಪ ದೂರ ಹೋಗುವುದರೊಳಗೆ ನನ್ನ ಹೆಗಲಿಗೆ ತಲೆಯಾನಿಸಿ ಗಾಢವಾಗಿ ನಿದ್ದೆ ಹೋದಳು. ಹಿಂದಿನ ಸೀಟಿನಿಂದ ಮೈದುನ ಬಗ್ಗಿ, “ಎಬ್ಬಿಸ್ಬೇಡಿ ಅತ್ತಿಗೆ,” ಅಂದ. ನಾನು ಊರು ಬರುವವರೆಗೆ ಹೆಗಲು ಅಲುಗಿಸಲಿಲ್ಲ.