ಮೊದಲ ಏಟಿನ ನಂತರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಾಳ್ಳುಪೇಟೆಯ ಒಂದು ಬಾರಿನಲ್ಲಿ ಸಪ್ಲೈಯರ್ ಆಗಿದ್ದೆ. ನಮ್ಮ ಸಾಹುಕಾರರಿಗೆ ಅದೇ ಮಂಗಳೂರು ರಸ್ತೆಯಲ್ಲಿ ಮೂರು ಬಾರುಗಳಿದ್ದವು. ಬಾಳ್ಳುಪೇಟೆ, ಆನೇಮಹಲ್, ಸಕಲೇಶಪುರ, ಮೂರಕ್ಕೂ ಒಂದೇ ಹೆಸರು, ಒಂದೇ ಕೆಂಪು ಬೋರ್ಡು. ಎಲ್ಲಿ ಜನ ಸಾಲದೋ ಅಲ್ಲಿಗೆ ನಮ್ಮನ್ನು ಕಳಿಸುತ್ತಿದ್ದರು. ಹೊಡೆದಾಟ ನನಗೆ ಹೊಸದಲ್ಲ. ವಾರಕ್ಕೊಬ್ಬನ ಮೂಗು ಒಡೆಯುತ್ತಿತ್ತು. ನೆಲದ ರಕ್ತಕ್ಕೆ ಫಿನಾಯಿಲ್ ಹಾಕಿ ಒರೆಸಿ, ಪಕ್ಕದ ಟೇಬಲ್ಲಿಗೆ ಆಮ್ಲೆಟ್ ಕೊಡುತ್ತಿದ್ದೆವು.

ಆ ಭಾನುವಾರ ಮಧ್ಯಾಹ್ನ ಮಂಗಳೂರು ಕಡೆಯ ಮೀನು ಲಾರಿಯ ಡ್ರೈವರ್ ಒಬ್ಬ ಊಟಕ್ಕೆ ಬಂದ. ಒಂದು ಬಿಯರ್ ಮುಗಿಸಿ ಅನ್ನ ಕಲಸುತ್ತಿದ್ದ. ಎದುರು ಟೇಬಲ್ಲಿನಲ್ಲಿ ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆಯಿಂದ ರಮ್ ಕುಡಿಯುತ್ತಿದ್ದ.

"ಲೇ, ಮೀನು ನಾತ ಹೊಡಿತೈತೆ. ಎದ್ದು ಆಚೆ ಹೋಗೋ" ಎಂದ ರೈಟರ್.

ಡ್ರೈವರ್ ತಲೆಯೆತ್ತಲಿಲ್ಲ. ರೈಟರ್ ಎದ್ದು ಬಂದು ಲೋಟದಲ್ಲಿದ್ದ ರಮ್ಮನ್ನು ಅವನ ಅನ್ನದ ಮೇಲೆ ಸುರಿದುಬಿಟ್ಟ.

ಡ್ರೈವರನ ಬಿಯರ್ ಬಾಟಲಿ ಟೇಬಲ್ಲಿನ ಅಂಚಿಗೆ ಬಡಿದು ಒಡೆದದ್ದು ಕೇಳಿಸಿತು. ನೋಡುವಷ್ಟರಲ್ಲಿ ಅದರ ಚೂಪು ತುದಿ ರೈಟರನ ಕೆನ್ನೆಗೆ ಇಳಿದಿತ್ತು. ಕೆನ್ನೆ ಹರಿದು ಒಳಗಿನ ಹಲ್ಲು ಕಂಡಿತು. ಡ್ರೈವರ್ ಮತ್ತೆ ಕೈ ಎತ್ತಿದ. ನಾನು ಷಟರ್ ಎಳೆಯುವ ಕಬ್ಬಿಣದ ಸಲಾಕೆ ತಂದು ಅವನ ಮಣಿಕಟ್ಟಿಗೆ ಬೀಸಿದೆ. ಮೂಳೆ ಲಟಕ್ಕೆಂದಿತು. ಬಾಟಲಿ ಬಿಟ್ಟು, ಕೈ ಅವುಚಿಕೊಂಡು ಕುಸಿದ.

ಅಲ್ಲಿಗೆ ಮುಗಿಯಬೇಕಿತ್ತು. "ಬುಡಬ್ಯಾಡ ಕಣೋ, ಹಾಕು!" ಎಂದು ಕ್ಯಾಷಿಯರ್ ಕೂಗಿದ. ಗಿರಾಕಿಗಳು ಒದೆಯಲು ನುಗ್ಗಿದರು. ನಾನೂ ಹೊಡೆದೆ. ಅದೇ ಕೈಯ ಮೇಲೆ, ಇನ್ನೂ ಎರಡು ಸಲ. ಅವನ ಮೇಲೆ ನನಗೆ ಸಿಟ್ಟೇ ಇರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಅದು ಹಿತವಾಗಿತ್ತು. ಕೊನೆಗೆ ಅಡುಗೆಯ ಹೆಂಗಸು ಓಡಿಬಂದು, "ಸತ್ತೋಯ್ತಾನೆ ಕಣೋ, ಸಾಕು ಮಾಡು!" ಎಂದು ಸಲಾಕೆ ಕಸಿದುಕೊಂಡಳು.

ಇಬ್ಬರನ್ನೂ ಒಂದೇ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಸಾಗಿಸಿದರು. ಸಾಹುಕಾರರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದರು. ಆಮೇಲೆ ನನ್ನ ಬೆನ್ನು ತಟ್ಟಿ, "ನಿನ್ ಕೈ ಗಟ್ಟಿ ಐತೆ ಕಣೋ. ಆನೇಮಹಲ್‌ನಾಗೆ ಬಾಗಿಲಲ್ಲಿ ನಿಂತ್ಕೋ. ತಟ್ಟೆ ಎತ್ತೋದು ಬ್ಯಾಡ" ಎಂದರು. ಹೆಮ್ಮೆಯಿಂದಲೇ ಹೋದೆ. ನಾಲ್ಕು ತಿಂಗಳಲ್ಲಿ ಎಷ್ಟು ಜನರ ಕುತ್ತಿಗೆ ಹಿಡಿದು ರಸ್ತೆಗೆ ನೂಕಿದೆನೋ, ಎಷ್ಟು ಜನರ ದವಡೆಗೆ ಗುದ್ದಿದೆನೋ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಅದೇ ಡ್ರೈವರ್ ಆ ಬಾರಿಗೆ ಬಂದ. ಲಾರಿಯನ್ನು ಬೇರೆಯವನು ಓಡಿಸುತ್ತಿದ್ದ. ಇವನು ಕ್ಲೀನರ್ ಸೀಟಿನಿಂದ ಇಳಿದಿದ್ದ. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ನನ್ನೆದುರು ನಿಂತ. ಹೊಡೆಯುತ್ತಾನೆಂದು ನಾನು ಮುಷ್ಟಿ ಬಿಗಿದೆ.

"ನಾನು ಬಾಟ್ಲಿ ಹಿಡ್ದಿದ್ದೆ, ನೀನು ಹೊಡ್ದೆ. ಅದು ಸರಿ" ಎಂದ. "ಬಿದ್ದ ಮೇಲೆ ಎಂತಕ್ಕೆ ಹೊಡ್ದದ್ದು ಮಾರಾಯ?"

ನಾನು ಮುಷ್ಟಿ ಬಿಟ್ಟು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವನು ಒಳಗೆ ಹೋಗಿ ಎಡಗೈಯಲ್ಲಿ ಚಮಚ ಹಿಡಿದು ಉಂಡು ಹೊರಟುಹೋದ.

ಆಮೇಲೂ ಒಂದು ತಿಂಗಳು ಆ ಬಾಗಿಲಲ್ಲಿ ನಿಂತೆ, ಆದರೆ ಕೈ ಏಳುತ್ತಿರಲಿಲ್ಲ. ಒಬ್ಬ ಕುಡುಕ ನನ್ನ ಮುಂದಿನ ಎರಡು ಹಲ್ಲು ಉದುರಿಸಿದ. ನಾನು ಸುಮ್ಮನೆ ನಿಂತಿದ್ದೆನೆಂದು ಕೇಳಿದ ಸಾಹುಕಾರರು ಮರುದಿನವೇ ನನ್ನನ್ನು ಕೆಲಸದಿಂದ ತೆಗೆದರು.