ಬೀಡಿ ಕಟ್ಟುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದವಳು

ನಾನು ಹೊಟ್ಟೆಪಾಡಿಗೆ ಕೊಲೆ ಮಾಡುವವನು. ಗಾಬರಿಯಾಗಬೇಡಿ, ಕಾಗದದ ಮೇಲೆ. ಪತ್ತೇದಾರಿ ಕಾದಂಬರಿ ಬರೆಯುತ್ತೇನೆ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಇದನ್ನೊಂದು ಕೆಲಸವೆಂದು ಒಪ್ಪಿದವಳು ನನ್ನ ಹೆಂಡತಿ ಒಬ್ಬಳೇ, ಅದೂ ಬೈಯುತ್ತ.

ಮಧ್ಯಾಹ್ನದ ಊಟ ಮುಗಿಸಿ ಅವಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಪಡಸಾಲೆಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದಳು. ನೆರೆಮನೆಯ ಹೆಂಗಸರೂ ಬರುತ್ತಿದ್ದರು. ಅವರ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಹಾಗಾಗಿ ಬರೆದಷ್ಟನ್ನು ನಾನು ಓದಿ ಹೇಳುವುದು ರೂಢಿಯಾಯಿತು. ಕೊನೆಯ ಅಧ್ಯಾಯಕ್ಕೆ ಮುಂಚೆ ನಾನು ನಿಲ್ಲಿಸಬೇಕು, ಕೊಲೆಗಾರ ಯಾರೆಂದು ಅವಳು ಹೇಳಬೇಕು, ಆಮೇಲೆ ಉಳಿದದ್ದು. ಒಂದು ಸಲವಾದರೂ ತಪ್ಪಿದ್ದರೆ ಕೇಳಿ, ಪುಣ್ಯಾತಗಿತ್ತಿ!

“ಏ, ಅದ್ಹೆಂಗ ಹಿಡೀತಿ ನೀ?” ಎಂದು ಒಮ್ಮೆ ರೇಗಿ ಕೇಳಿದೆ.

“ಯಾರಿಗೆ ನೀವು ಕುರ್ಚಿ ಹಾಕಿ ಬಿಸಿ ಚಾ ಕೊಡಸ್ತೀರಿ, ಅಂವನೇ ಕೊಲೆಗಾರ. ಪಾಪ, ಜೇಲಿಗೆ ಹೋಗಾಂವ ಅಂತ ಮೊದ್ಲ ಮರುಗತೀರಿ.”

ಹಾವಿನ ಹೆಜ್ಜೆ ಹಾವೇ ಬಲ್ಲದು ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. ಮುಂದಿನ ಪುಸ್ತಕದಲ್ಲಿ ಕೊಗನೊಳ್ಳಿ ಹತ್ತಿರದ ಧಾಬಾದಲ್ಲಿ ಒಂದು ಹೆಣ ಬೀಳಿಸಿದೆ. ಯಾರಿಗೂ ಚಹಾ ಕೊಡಿಸಲಿಲ್ಲ, ಎಲ್ಲರನ್ನೂ ಸಮನಾಗಿ ಬೈದು ಬರೆದೆ. ಈ ಸಲ ಹೇಗೆ ಹಿಡಿಯುತ್ತಾಳೋ ನೋಡೋಣ! ಕೊನೆಯ ಅಧ್ಯಾಯವೊಂದು ಬಿಟ್ಟು ಬರೆದದ್ದೆಲ್ಲ ಓದಿ ಮುಗಿಸಿದಾಗ ಅವಳು ಮೊರ ಕೆಳಗಿಟ್ಟು ನಕ್ಕಳು.

“ಗೊತ್ತಾತ್ರಿ. ಆದ್ರ ಈಗ ಹೇಳಂಗಿಲ್ಲ. ಮೊದ್ಲ ಕಡೀದು ಬರೀರಿ. ಇಲ್ಲಾಂದ್ರ ನನ್ನ ಮಾತ ಕೇಳಿ ಕೊಲೆಗಾರನ್ನ ಬದಲಿ ಮಾಡ್ತೀರಿ.”

ಆ ವಾರವೇ ಅವಳಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಪ್ರಕಾಶಕರು ಕೇಳುತ್ತಲೇ ಇದ್ದರೆಂದು ಹೇಗೋ ಬರೆದು ಮುಗಿಸಿದೆ. ಆ ಹೆಂಗಸರನ್ನೇ ಕರೆದು, ಅವಳು ನಿಮ್ಮಲ್ಲಿ ಯಾರಿಗಾದರೂ ಹೆಸರು ಹೇಳಿದ್ದಳೇ ಎಂದು ಕೇಳಿದೆ. “ಇಲ್ರಿ ಅಣ್ಣಾ, ಯಾರ ಮುಂದೂ ಬಾಯಿ ಬಿಟ್ಟಿಲ್ಲ” ಎಂದರು. ಕೊನೆಯ ಅಧ್ಯಾಯ ಓದಿದೆ. ಕೊಲೆಗಾರ ಸಿಕ್ಕಿಬಿದ್ದಾಗ ಎಲ್ಲರ ಕೈಯೂ ನಿಂತಿತು.

“ಅಗಬಾಯೀ! ಅಂವನೇನ್ರಿ? ನಮಗ ಕಲ್ಪನಾನೂ ಇರಲಿಲ್ಲ ನೋಡ್ರಿ!”

ಬರೆಯಲು ಕೂತಂದಿನಿಂದ ಈ ಪಡಸಾಲೆಯಲ್ಲಿ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿಸಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. “ನನಗ ಗೊತ್ತಿತ್ತ ಬಿಡ್ರಿ” ಎಂದು ಅವಳೊಬ್ಬಳು ಅನ್ನಬೇಕಾಗಿತ್ತು.