ಕಾರ್ಬುರೇಟರ್ ಕಿತ್ತ ಕೆಂಪು ಕಾರು

ಹುಬ್ಬಳ್ಳಿಯಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಗೋಕಾಕಕ್ಕೆ ಮರಳಿದಾಗ ನಾನು ಮೆಕ್ಯಾನಿಕ್ ಆಗಿ ಉಳಿದಿರಲಿಲ್ಲ, ಇಂಜಿನಿಯರ್ ಆಗಿದ್ದೆ. ಹಾಗಂತ ಬೇರೆ ಯಾರೂ ಹೇಳಿರಲಿಲ್ಲ. ಗ್ಯಾರೇಜಿನ ಬೋರ್ಡು ಬರೆಸುವಾಗ ನಾನೇ ಪೇಂಟರನಿಗೆ ಹೇಳಿದ್ದೆ. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಕಾರುಗಳು ನಮ್ಮ ಕಡೆ ಬರತೊಡಗಿದ್ದ ವರ್ಷಗಳು ಅವು. ಇಂಜಿನ್ನಿಗೆ ಪೆಟ್ರೋಲು ಅಳೆದು ಕೊಡುವ ಕೆಲಸವನ್ನು ಇನ್ನು ಮೇಲೆ ಒಂದು ಕಂಪ್ಯೂಟರ್ ಪೆಟ್ಟಿಗೆ ಮಾಡುತ್ತದೆ ಎಂದು ಕೇಳಿದವರಿಗೆಲ್ಲ ವಿವರಿಸುತ್ತಿದ್ದೆ. ಕೇಳದವರಿಗೂ ವಿವರಿಸುತ್ತಿದ್ದೆ.

ಗ್ಯಾರೇಜು ಅಪ್ಪನದು. ಅಪ್ಪ ಹೋದ ಮೇಲೆ ನನಗೆ ಬಂದದ್ದು ನಾಲ್ಕು ಗೋಡೆ, ನಟ್ಟು ಬಿಚ್ಚುವ ಒಂದಿಷ್ಟು ಪಾನೆ ಮತ್ತು ಒಬ್ಬ ಹಿರಿಯ ಮಿಸ್ತ್ರಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ದಿನಾ ಮುಂಜಾನೆ ಮಸಗುಪ್ಪಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಗಾಳಿಯ ಸದ್ದು ಕೇಳಿಯೇ ಸ್ಕ್ರೂ ತಿರುವುತ್ತಿದ್ದರು. ನನಗೆ ಅದು ನಾಟಿ ವೈದ್ಯರು ನಾಡಿ ಹಿಡಿದಂತೆ ಕಾಣುತ್ತಿತ್ತು. ಅವರೆದುರೇ ಹಾಗೆಂದು ನಕ್ಕಿದ್ದೂ ಉಂಟು.

ಮೂಡಲಗಿಯ ಅರಿವೆ ಅಂಗಡಿಯ ಸಾವಕಾರರು ನನ್ನ ಕೈಗೆ ಸಿಕ್ಕಿದ್ದು ಆಗಲೇ. ಕೊಲ್ಲಾಪುರದ ಯಾವುದೋ ಹಳೆಯ ಮನೆಯಿಂದ ಕೆಂಪು ಬಣ್ಣದ, ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೊಂದನ್ನು ಅವರು ತಂದಿದ್ದರು. ಸಾವಕಾರರ ಹೊಟ್ಟೆ ಸ್ಟೇರಿಂಗಿಗೆ ತಾಕುತ್ತಿತ್ತು. ಬಲಕ್ಕೆ ತಿರುವಬೇಕಾದರೆ ಉಸಿರು ಒಳಗೆ ಎಳೆದುಕೊಳ್ಳುತ್ತಿದ್ದರು. ಆದರೂ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಮುಂದೆ ಎರಡು ಸಲ ಹಾಯ್ದು ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಆ ಕಾರು ಹುಕ್ಕೇರಿಯಲ್ಲಿ ಅವರ ಮಾನ ಕಳೆದಿತ್ತು. ಬೀಗರ ಮನೆಯ ಮದುವೆ ಮುಗಿಸಿ ಹೊರಟಾಗ ಅದು ಏನು ಮಾಡಿದರೂ ಚಾಲೂ ಆಗಲಿಲ್ಲ. ಮದುವೆಗೆ ಬಂದ ಮಂದಿಯೆಲ್ಲ ತಲೆಗೆ ಹಳದಿ ಪಟಗಾ ಸುತ್ತಿಕೊಂಡೇ ಅದನ್ನು ನೂಕಿದರು. ಅಲ್ಲೇ ನಿಂತಿದ್ದವರು ಸಾವಕಾರರ ಹೆಂಡತಿಯ ತಂಗಿಯ ಗಂಡ, ಎಂದರೆ ಅವರ ಸಡ್ಡಕರು. ತಮ್ಮ ಹೊಸ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ, "ನಮ್ಮದು ಇಂಜೆಕ್ಷನ್ ನೋಡ್ರಿ. ಕೀಲಿ ತಿರುವಿದ್ರ ಮುಗೀತು. ನಿಮ್ಮದಕ್ಕ ಮದವಿ ಮಂದಿನ ಬೇಕು" ಎಂದರಂತೆ.

ಮರುದಿನವೇ ಸಾವಕಾರರು ನನ್ನ ಗ್ಯಾರೇಜಿಗೆ ಬಂದರು. "ಇದಕ್ಕೂ ಇಂಜೆಕ್ಷನ್ ಹಾಕಾಕ ಬರತೈತೇನು?"

"ಯಾಕ ಬರಂಗಿಲ್ರಿ?" ಎಂದೆ. ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹತ್ತು ದಿನದ ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಕಾಕಾ ಕೈ ಒರೆಸಿಕೊಳ್ಳುತ್ತ ಹೇಳಿದರು: "ತಮ್ಮಾ, ಕಾರ್ಬುರೇಟರಿಂದು ಏನೂ ತಪ್ಪಿಲ್ಲ. ಸವದಿದ್ದು ಬದಲಿ ಮಾಡಿದ್ರ ಚಾಲೂ ಆಕ್ಕೈತಿ."

"ಕಾಕಾ, ಕಾಲ ಬದಲಾಗೇತಿ" ಎಂದೆ. ಸಾವಕಾರರು ನನ್ನತ್ತ ಮೆಚ್ಚುಗೆಯಿಂದ ನೋಡಿದರು. ನನಗೆ ಅಷ್ಟು ಸಾಕಾಗಿತ್ತು.

ಎರಡು ತಿಂಗಳು ಹಿಡಿಯಿತು. ಕೊಲ್ಲಾಪುರದ ಗುಜರಿಯಲ್ಲಿ ಅಪಘಾತವಾದ ಕಾರುಗಳಿಂದ ಇಂಜೆಕ್ಟರು, ಪಂಪು, ಸೆನ್ಸರುಗಳನ್ನು ಆರಿಸಿ ತಂದೆ. ಕೊಯಿಮತ್ತೂರಿನ ರೇಸಿನವರೊಬ್ಬರಿಂದ ಕಂಪ್ಯೂಟರ್ ಪೆಟ್ಟಿಗೆಯನ್ನೂ ಇಟ್ಟಿಗೆಯಷ್ಟು ದಪ್ಪದ ಲ್ಯಾಪ್‌ಟಾಪನ್ನೂ ತರಿಸಿದೆ. ಇಂಜಿನ್ನಿನ ಮುಂದೆ ಒಂದು ಹಲ್ಲಿನ ಚಕ್ರ ಕೂಡಿಸಬೇಕಿತ್ತು. ಆ ಹಲ್ಲುಗಳನ್ನು ಒಂದು ಸೆನ್ಸರು ಎಣಿಸಿ, ತೆಳ್ಳನೆಯ ತಂತಿಯ ಮೂಲಕ ಪೆಟ್ಟಿಗೆಗೆ ತಿಳಿಸುತ್ತದೆ. ಪೆಟ್ಟಿಗೆ ಅದನ್ನು ನೋಡಿ ಪೆಟ್ರೋಲು ಚಿಮ್ಮಿಸುತ್ತದೆ. ಆ ಚಕ್ರವನ್ನು ಗೋಕಾಕ ಫಾಲ್ಸಿನ ಲೇಥ್ ಅಂಗಡಿಯಲ್ಲಿ ಕಾಕಾ ಎದುರಿಗೇ ನಿಂತು ಮಾಡಿಸಿಕೊಂಡು ಬಂದರು. ವೆಲ್ಡಿಂಗ್ ಅವರದು, ಪೈಪು ಬಗ್ಗಿಸಿದ್ದು ಅವರು, ಪೆಟ್ರೋಲ್ ಟಾಕಿಯೊಳಗೆ ಪಂಪು ಕೂಡಿಸಿದ್ದೂ ಅವರೇ. ನಾನು ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಹಾಕಿಕೊಂಡು ಹುಬ್ಬು ಗಂಟಿಕ್ಕಿರುತ್ತಿದ್ದೆ.

ಮೊದಲ ದಿನ ಕೀಲಿ ತಿರುವಿದೊಡನೆ ಇಂಜಿನ್ ಚಾಲೂ ಆಯಿತು. ಬಾಜೂದ ಚಹಾ ಅಂಗಡಿಯವನು ಬಂದು ನೋಡಿದ. ಸಾವಕಾರರು ಪೇಢೆ ತರಿಸಿದರು. ನಾನು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗುಕ್ ಗುಕ್ ಎಂದು ಬಿಕ್ಕಳಿಸಿ ಸತ್ತುಹೋಯಿತು. ಎಲ್ಲರ ಬಾಯಲ್ಲೂ ಪೇಢೆ ಹಾಗೇ ಉಳಿಯಿತು.

ಮುಂದಿನ ಹದಿನೈದು ದಿನ ನಿಂತಲ್ಲಿ ಚೆಂದವಾಗಿ ತಿರುಗುವುದು, ವೇಗ ಏರಿಸಿದರೆ ಬಿಕ್ಕಳಿಸುವುದು. ಪಂಪು ಬದಲಿಸಿದೆ. ಪೆಟ್ರೋಲು ಕಳಪೆ ಇದೆ ಎಂದೆ. ಕೊಯಿಮತ್ತೂರಿಗೆ ಫೋನ್ ಮಾಡಿದರೆ ಆತ ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ನಾನು ಹೂಂ ಹೂಂ ಎಂದು ಇಟ್ಟೆ. ಕೊನೆಗೆ ಸಾವಕಾರರ ಎದುರಿಗೆ, "ಕಾಕಾರ ವೆಲ್ಡಿಂಗ್ ಸಡಲ ಆಗಿರಬೇಕ್ರಿ. ಎಲ್ಲೋ ಗಾಳಿ ಹೊಗಾಕತ್ತೈತಿ" ಎಂದುಬಿಟ್ಟೆ. ಕಾಕಾ ವೆಲ್ಡಿಂಗ್ ಮಾಡಿದ ಪೈಪುಗಳನ್ನೆಲ್ಲ ಬಿಚ್ಚಿ, ಗಾಳಿ ತುಂಬಿ, ಸಾಬೂನಿನ ನೀರು ಸವರಿ, ಒಂದೂ ಗುಳ್ಳೆ ಬಾರದ್ದನ್ನು ತೋರಿಸಿ, ಮತ್ತೆ ಕೂಡಿಸಿದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

ಒಂದು ಮಧ್ಯಾಹ್ನ ಚಹಾ ಅಂಗಡಿಯವನು ಜಗಳಕ್ಕೇ ಬಂದ. "ನೀವು ಗಾಡಿ ಚಾಲೂ ಮಾಡಿದ್ರ ನನ್ನ ರೇಡಿಯೋದಾಗ ಬರೇ ಗರ್ ಗರ್. ಕ್ರಿಕೆಟ್ ಕಾಮೆಂಟ್ರಿ ಹೆಂಗ ಕೇಳೂದ್ರಿ?"

ನಾನು ಅವನನ್ನು ಬೈದು ಕಳಿಸಿದೆ. ಕಾಕಾ ಮಾತ್ರ ಅವನ ಹಿಂದೆಯೇ ಹೋಗಿ ರೇಡಿಯೋ ಇಸಿದುಕೊಂಡು ಬಂದರು. ಇಂಜಿನ್ ಚಾಲೂ ಮಾಡಿಸಿ, ರೇಡಿಯೋವನ್ನು ಬಾನೆಟ್ಟಿನ ಸುತ್ತ ಆಡಿಸಿದರು. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ಹಳೆಯ ತಾಮ್ರದ ತಂತಿಗಳ ಹತ್ತಿರ ಬಂದಾಗ ಅದು ಹುಚ್ಚು ಹಿಡಿದಂತೆ ಅರಚಿತು. ನಾನು ಎಳೆದಿದ್ದ ಸೆನ್ಸರಿನ ತೆಳ್ಳನೆಯ ತಂತಿ ಅವುಗಳ ಜೊತೆಗೇ, ಒಂದೇ ಕಟ್ಟಿನಲ್ಲಿ ಹೋಗಿತ್ತು.

"ತಮ್ಮಾ, ಈ ಸ್ಪಾರ್ಕಿನ ಗದ್ದಲ ಮೊದಲಿನಿಂದಲೂ ಇತ್ತು. ಕಾರ್ಬುರೇಟರಿಗೆ ಕಿವಿ ಇರಲಿಲ್ಲ. ನಿನ್ನ ಪೆಟ್ಟಿಗಿಗೆ ಐತಿ" ಎಂದರು ಕಾಕಾ. ಆ ಗದ್ದಲ ಸೆನ್ಸರಿನ ತಂತಿಗೆ ನುಗ್ಗಿ, ಪೆಟ್ಟಿಗೆ ಹಲ್ಲುಗಳ ಲೆಕ್ಕ ತಪ್ಪುತ್ತಿತ್ತು.

ಅವರು ಕಟ್ಟು ಬಿಚ್ಚಿ, ಕಟ್ಟಿಗೆಯ ತುಂಡಿನಿಂದ ಆ ತೆಳ್ಳನೆಯ ತಂತಿಯನ್ನು ದೂರ ಹಿಡಿದರು. "ಈಗ ಒತ್ತು."

ಒತ್ತಿದೆ. ಇಂಜಿನ್ ಒಂದೂ ಬಿಕ್ಕಳಿಕೆ ಇಲ್ಲದೆ ಮೇಲೇರಿತು. ಅಂಥ ಸದ್ದನ್ನು ನಮ್ಮ ಗ್ಯಾರೇಜು ಕೇಳಿಯೇ ಇರಲಿಲ್ಲ. ಕಾಕಾ ಕಣ್ಣು ಮುಚ್ಚಿ ನಿಂತಿದ್ದರು. ನನಗೂ ಖುಷಿಯಾಗಬೇಕಿತ್ತು. ಆಗಿದ್ದು ಹೊಟ್ಟೆಯುರಿ. ಸೆನ್ಸರಿಗೆ ಮೇಲೆ ಲೋಹದ ಜಾಲರಿ ಹೊದಿಕೆಯಿರುವ ತಂತಿ ಹಾಕಿ, ಹಳೆಯ ಪ್ಲಗ್ ತಂತಿಗಳನ್ನು ತೆಗೆದು ಗದ್ದಲ ತಡೆಯುವ ಹೊಸ ಕಾರಿನ ತಂತಿಗಳನ್ನು ಕೂಡಿಸಿದೆವು. ರೋಗ ಹೋಯಿತು.

ಸಾವಕಾರರು ಬಂದು, "ಏನಾಗಿತ್ತೋ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದು: "ಸಿಗ್ನಲ್ಲಿನ ಸಮಸ್ಯೆ ಇತ್ರಿ. ಮೂರು ದಿನ ಲೆಕ್ಕಾ ಹಾಕಿ ಕಂಡ ಹಿಡದೆ." ಕಾಕಾ ಅಲ್ಲೇ ಇದ್ದರು. ರೇಡಿಯೋ ತೆಗೆದುಕೊಂಡು ಚಹಾ ಅಂಗಡಿಗೆ ಕೊಟ್ಟುಬರಲು ಹೋದರು.

ಆ ಭಾನುವಾರ ಸಾವಕಾರರು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹುಕ್ಕೇರಿಗೆ ಹೊರಟರು. ಸಡ್ಡಕರ ಮನೆ ಮುಂದೆ ಏಳು ಸಲ ಬಂದ್ ಮಾಡಿ ಏಳು ಸಲ ಚಾಲೂ ಮಾಡಿದರು. ಪ್ರತಿ ಸಲವೂ ಒಂದೇ ಕೀಲಿಗೆ ಹತ್ತಿತು. ಸಡ್ಡಕರು ಒಂದು ಸುತ್ತು ಓಡಿಸುತ್ತೇನೆ ಎಂದು ಕಣಗಲಾದ ಹೆದ್ದಾರಿಯವರೆಗೆ ಹೋಗಿಬಂದರು. ಇಳಿದು ಕೈ ಝಾಡಿಸಿಕೊಂಡು ಹೇಳಿದರು: "ಚೊಲೋ ಐತ್ರಿ. ಥೇಟ್ ನಮ್ಮ ಕಾರಿನ ಗತೀನ ಓಡತೈತಿ. ಆದ್ರ ನಮ್ಮದಕ್ಕ ನಾಕು ಬಾಗಲಾ ಅದಾವ, ಎಸಿ ಐತಿ. ಇದನ್ನ್ಯಾಕ ಇಟ್ಕೊಂಡೀರಿ?"

ವಾಪಸು ಬರುವಾಗ ಸಾವಕಾರರು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಗೋಕಾಕ ಹತ್ತಿರವಾದಾಗ ಮೆಲ್ಲಗೆ ಕೇಳಿದರು: "ಇದೂ ಎಲ್ಲಾರ ಕಾರಿನಂಗ ಆತಲ್ಲೋ. ಆ ಹಳೇ ಕಾರ್ಬುರೇಟರ್ ಮತ್ತ ಹಾಕಾಕ ಬರತೈತೇನು?"

ಗ್ಯಾರೇಜು ತಲುಪಿದೊಡನೆ ಅವರು ಅದನ್ನೇ ಕಾಕಾರನ್ನು ಕೇಳಿದರು. ಈಗ ಕಾಕಾ ಸೇಡು ತೀರಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರ ಜಾಗದಲ್ಲಿ ನಾನಿದ್ದರೆ ತೀರಿಸಿಕೊಳ್ಳುತ್ತಿದ್ದೆ.

"ಬರತೈತ್ರಿ," ಎಂದರು ಕಾಕಾ, "ಆದ್ರ ಯಾಕ ಬೇಕ್ರಿ? ಇಷ್ಟ ಚೊಲೋ ಇಂಜಿನ್ ನಾ ಕೇಳಿಲ್ಲ. ಮಂದಿ ಮಾತ ಬಿಟ್ಟ ಓಡಸ್ರಿ."

"ಅಲ್ಲ, ಇಂವ ಲೆಕ್ಕಾ ಹಾಕಿ ಕಂಡ ಹಿಡದನಂತ, ಖರೆ ಏನ್ರಿ?" ಎಂದರು ಸಾವಕಾರರು.

ಕಾಕಾ ನನ್ನ ಮುಖ ನೋಡಿದರು. "ಹೌದ್ರಿ. ಭಾರಿ ಲೆಕ್ಕಾ." ಸಾವಕಾರರು ಗಹಗಹಿಸಿ ನಕ್ಕರು. ಚಹಾ ಅಂಗಡಿಯವನು ರೇಡಿಯೋದ ಕಥೆಯನ್ನು ಗೋಕಾಕದಿಂದ ಮೂಡಲಗಿಯವರೆಗೂ ಹಂಚಿದ್ದಾನೆ ಎಂಬುದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಕ್ಷಮೆ ಕೇಳಬೇಕೆಂದು ಕಾಕಾರ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ, "ಅದರಾಗಿನ ಆ ಬಣ್ಣದ ಮನಿ ಮನಿ ಏನು, ನನಗೂ ತಿಳಿಸಿ ಹೇಳು" ಎಂದರು. ಕುರ್ಚಿ ಬಿಟ್ಟುಕೊಟ್ಟೆ. ಯಾವ ವೇಗಕ್ಕೆ ಎಷ್ಟು ಪೆಟ್ರೋಲು ಎಂದು ಚೌಕ ಚೌಕವಾಗಿ ತೋರಿಸುವ ಕೋಷ್ಟಕ ಅದು. ಇಂಗ್ಲಿಷ್ ಓದಲು ಬಾರದ ಆ ಮನುಷ್ಯ ಇಂಜಿನ್ನಿನ ಸದ್ದು ಕೇಳುತ್ತ ಯಾವ ಮನೆಯಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ವಾರದೊಳಗೆ ಹೇಳತೊಡಗಿದರು. ಅವರು ಹೇಳುತ್ತಿದ್ದರು, ನಾನು ಅಂಕಿ ಒತ್ತುತ್ತಿದ್ದೆ.

ಕಾರು ಮೂಡಲಗಿಯಲ್ಲೇ ಉಳಿಯಿತು. ಸಾವಕಾರರು ದಿನಾ ಅದರಲ್ಲೇ ಅಂಗಡಿಗೆ ಹೋಗುತ್ತಿದ್ದರು, ಪಕ್ಕದ ಸೀಟಿನಲ್ಲಿ ಅರಿವೆಯ ಗಂಟು ಇಟ್ಟುಕೊಂಡು. ಮರುವರ್ಷ ಒಂದು ಬೆಳಿಗ್ಗೆ ಕಣಗಲಾದಿಂದ ಒಬ್ಬರು ಇಂಜೆಕ್ಷನ್ ಕಾರೊಂದನ್ನು ಎಳೆಸಿಕೊಂಡು ಬಂದರು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಅವರು ನನ್ನ ಭುಜದಾಚೆ ಇಣುಕಿ, "ಕಂಪ್ಯೂಟರ್ ಮಿಸ್ತ್ರಿ ಎಲ್ಲಿ ಅದಾರ್ರಿ?" ಎಂದರು.

"ಮಸಗುಪ್ಪಿ ಬಸ್ ತಡಾ ಆಗೇತ್ರಿ, ಕಾಕಾ ಬರತಾರ. ಕುಂಡರ್ರಿ" ಎಂದು ಅವರಿಗೆ ಕುರ್ಚಿ ಒರೆಸಿ ಕೊಟ್ಟೆ.